ಆ ‘ಲಾ’ ನನ್ನದು

ಶಾಂತಿಗ್ರಾಮ
12-6-2006

ಲೋ ಯಶಸ್,

ಎಲ್ಲಿ ಸತ್ತೋಗಿದ್ದೀಯ? ಇ-ಮೇಲ್ ಹಾಕಿ ಹಾಕಿ ಸಾಕಾಯಿತು, ಹಾಕಿದ್ದೆಲ್ಲ ವಾಪಸ್ ಬಂತು. ಹೋದ ವರ್ಷ ನೀನು ಆಟದ ಸಿ.ಡಿ. ಕಳಿಸಿದ್ದ ಕವರು ಅಟ್ಟದ ಮೇಲೆ ಸಿಕ್ಕಿತು. ಅದರ ಹಿಂದಿದ್ದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಪರೀಕ್ಷೆಯಲ್ಲಿ ‘ಕ್ಷೇಮ, ಕ್ಷೇಮಕ್ಕೆ ಬರೆಯಿರಿ’ ಅಂತ ಬರೆದಿದ್ದು ಬಿಟ್ಟರೆ ನಾನು ಬರೆಯುತ್ತಿರುವ ಮೊದಲ ಕಾಗದ ಇದೇ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೋ.

ನೀನು ‘ಐರನ್ ವ್ಯಾಲಿ’ ಆಟ ಬಿಟ್ಟೆ ಅಂತ ದೇವರಾಜು ಹೇಳಿದ. ಯಾಕೆ ಅಂದರೆ, ‘ಅವನಿಗೆ ಓದೋದಿದೆಯಂತೆ’ ಅಂದ. ನೀನು ಓದೋನಾ? ನಾನು ನಂಬಲಿಲ್ಲ. ಅರಕಲಗೂಡಿನಲ್ಲಿ ಕೂತು ನಮ್ಮ ತಂಡಕ್ಕೆ ನಾಯಕ ಅನ್ನಿಸಿಕೊಂಡ ಮಾತ್ರಕ್ಕೆ ಅವನು ಹೇಳಿದ್ದೆಲ್ಲ ವೇದವಾಕ್ಯವೇ? ನಾನು ಚನ್ನರಾಯಪಟ್ಟಣದ ಸೈಬರ್ ಕೆಫೆಯಲ್ಲಿ ಕೂತು, ನೀನು ಹೊಳೆನರಸೀಪುರದಲ್ಲಿ ಕೂತು, ಎರಡು ವರ್ಷ ಒಂದೇ ಕೋಟೆ ಕಾದವರು. ನಿನ್ನ ಮುಖ ನೋಡಿಲ್ಲ, ದನಿ ಕೇಳಿಲ್ಲ. ಆದರೆ ಗುರಾಣಿ ಹಿಡಿದು ನೀನು ಮುಂದೆ ನಿಂತರೆ ನಾನು ಹಿಂದಿನಿಂದ ಕಣ್ಣು ಮುಚ್ಚಿಕೊಂಡು ಬಾಣ ಬಿಡುತ್ತಿದ್ದೆ. ಕೆಂಪು ಬಾಗಿಲಿನ ಕಾಳಗದ ದಿನ ನಿಮ್ಮೂರಲ್ಲಿ ಕರೆಂಟು ಹೋಗಿ, ‘ಯು.ಪಿ.ಎಸ್. ಕೂಗ್ತಿದೆ, ಬೇಗ ಹೊಡಿ’ ಅಂತ ಟೈಪ್ ಮಾಡುತ್ತಲೇ ನಿಂತಿದ್ದೆಯಲ್ಲ, ಅದು ಎದೆಗಾರಿಕೆ ಕಣ್ಲಾ.

ನೀನಿಲ್ಲದ ತಂಡದಲ್ಲಿ ನನಗೇನು ಕೆಲಸ? ನಾನೂ ಬಿಟ್ಟುಬಂದೆ. ಈಗ ಇಬ್ಬರೂ ಸೇರಿ ಹೊಸ ಆಟ ಹುಡುಕೋಣ. ಎರಡು ಮೂರು ನೋಡಿಟ್ಟಿದ್ದೇನೆ. ನೀನು ಹ್ಞೂಂ ಅಂದರೆ ಮುಂದಿನ ಮಾತು.

ಬೇಗ ಬರೀಲಾ,
ಅಭಿಷೇಕ್


ಹೊಳೆನರಸೀಪುರ
19-6-2006

ಅಭಿಷೇಕ್,

ಇದನ್ನು ಕೂತುಕೊಂಡು ಓದು.

ಯಶಸ್ ನನ್ನ ತಮ್ಮ. ಅವನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಎರಡು ವರ್ಷ ನಿನ್ನ ಮುಂದೆ ಗುರಾಣಿ ಹಿಡಿದು ನಿಂತದ್ದು ನಾನು. ನನ್ನ ಹೆಸರು ಗೌತಮಿ. ಇಲ್ಲಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಶಾಲೆ ಬಿಟ್ಟ ಮೇಲೆ ಕೆಂಪಣ್ಣನ ಸೈಬರ್‌ನ ಮೂಲೆಯ ಮಿಷನ್ನಿನಲ್ಲಿ ಕೋಟೆ ಕಾಯುತ್ತೇನೆ.

ಮೊದಲ ದಿನ ನನ್ನ ಹೆಸರಿನಲ್ಲೇ ಆಟದೊಳಗೆ ಹೋಗಿದ್ದೆ. ಫೋಟೋ ಕಳಿಸು, ನಂಬರ್ ಕೊಡು, ಮದುವೆ ಆಗಿದೆಯಾ ಅಂತ ಕೇಳಿದವರೇ ಎಲ್ಲ. ಕತ್ತಿ ಹೇಗೆ ಬೀಸಬೇಕು ಅಂತ ಒಬ್ಬನೂ ಹೇಳಿಕೊಡಲಿಲ್ಲ. ಮರುದಿನ ಯಶಸ್ ಅಂತ ಹೋದೆ. ಬಾರೋ ಗುರು ಅಂತ ಎಲ್ಲವನ್ನೂ ಕಲಿಸಿದರು. ನಮ್ಮ ಕನ್ನಡವೂ ನನ್ನ ಪರವಾಗಿತ್ತು ನೋಡು. ‘ನಾನು ಬಂದೆ’, ‘ನಾನು ಹೊಡೆದೆ’ ಅಂದರೆ ಗಂಡೋ ಹೆಣ್ಣೋ ಯಾರಿಗೂ ತಿಳಿಯುವುದಿಲ್ಲ. ಹೆಸರೊಂದು ಬಿಟ್ಟರೆ ನಾನು ನಿನಗೆ ಹೇಳಿದ್ದರಲ್ಲಿ ಸುಳ್ಳಿಲ್ಲ.

ಹೋದ ತಿಂಗಳು ತಮ್ಮ ಕ್ರಿಕೆಟ್ ಪಂದ್ಯಕ್ಕೆ ಅರಕಲಗೂಡಿಗೆ ಹೋದ. ಹೊಳೆನರಸೀಪುರದ ಯಶಸ್ ಅಂದ ಕೂಡಲೇ ದೇವರಾಜು ಓಡಿಬಂದು ತಬ್ಬಿಕೊಂಡು, ‘ಏನ್ ಗುರಾಣಿ ಹಿಡೀತೀಯಲಾ!’ ಅಂದನಂತೆ. ಇವನು ‘ಯಾವ ಗುರಾಣಿ? ನಮ್ಮಕ್ಕನ್ನ ಕೇಳಿ’ ಅಂದುಬಿಟ್ಟ. ಅಲ್ಲಿಗೆ ಮುಗಿಯಿತು. ಅವತ್ತು ಸಂಜೆಯೇ, ನನಗೊಬ್ಬಳಿಗೇ ಕಾಣುವ ಹಾಗೆ, ದೇವರಾಜುವಿನ ಅಪ್ಪಣೆ: ‘ಇನ್ಮೇಲೆ ಹಿಂದೆ ನಿಂತು ಗಾಯ ವಾಸಿ ಮಾಡೋ ಕೆಲಸ ನೋಡ್ಕೊಳ್ಳಮ್ಮ. ಹೆಣ್ಮಗು ಮುಂದೆ ನಿಂತ್ರೆ ಬೇರೆ ತಂಡದೋರು ನಗ್ತಾರೆ.’ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ, ಅಲ್ಲವೇ? ನಾನು ತಂಡದಿಂದ ಹೊರಗೆ ಬಂದೆ. ತಮ್ಮನ ಹೆಸರಿನ ಇ-ಮೇಲನ್ನೂ ಮುಚ್ಚಿದೆ.

ಹೊಸ ಆಟಕ್ಕೆ ನಾನು ತಯಾರು. ಆದರೆ ಅಲ್ಲಿ ನನ್ನ ಹೆಸರು ಗೌತಮಿ. ನನ್ನ ಜಾಗ ಮುಂದೆ. ನನ್ನ ಕೈಯಲ್ಲಿ ಗುರಾಣಿ. ಇದರಲ್ಲಿ ಒಂದು ಕೂದಲಷ್ಟೂ ಬಿಟ್ಟುಕೊಡುವುದಿಲ್ಲ. ಹಿಂದೆ ನೀನಿದ್ದರೆ ಚೆನ್ನ ಅಂತ ಆಸೆ ಇದೆ, ಮುಚ್ಚುಮರೆ ಏಕೆ? ಬರುವುದಾದರೆ ಬಾ.

ಗೌತಮಿ


ಹೊಳೆನರಸೀಪುರ
30-7-2006

ಅಭಿಷೇಕ್,

ಒಂದು ತಿಂಗಳ ಮೇಲಾಯಿತು, ಒಂದು ಸಾಲೂ ಇಲ್ಲ. ‘ಮೌನವೂ ಒಂದು ಉತ್ತರ ಕಣೇ’ ಅನ್ನುತ್ತಾರೆ ನಮ್ಮಜ್ಜಿ ಗೋದಮ್ಮ. ನನಗೆ ಅಂಥ ಉತ್ತರ ಬೇಡ. ‘ಹೆಣ್ಣಿನ ಹಿಂದೆ ನಿಲ್ಲಲ್ಲ’ ಅನ್ನುವುದಿದ್ದರೆ ಹಾಗೇ ಬರೆ. ದೇವರಾಜು ಬಾಯಿಬಿಟ್ಟು ಹೇಳಿದ. ನಿನಗೆ ಅಷ್ಟು ಧೈರ್ಯವೂ ಇಲ್ಲವೇ?

ಗೌತಮಿ


ಶಾಂತಿಗ್ರಾಮ
14-8-2006

ಗೌತಮಿ ಮೇಡಂ ಅವರಿಗೆ ನಮಸ್ಕಾರಗಳು.

ತಮ್ಮ ಎರಡೂ ಪತ್ರಗಳು ತಲುಪಿದವು. ಉತ್ತರಿಸಲು ತಡವಾದುದಕ್ಕೆ ಕ್ಷಮೆ ಇರಲಿ. ಮನೆಯಲ್ಲಿ ಕೆಲವು ಅನಾನುಕೂಲಗಳಿದ್ದವು. ಈ ಹಿಂದೆ ತಿಳಿಯದೆ ತಮ್ಮನ್ನು ಏಕವಚನದಲ್ಲಿ ಮಾತನಾಡಿಸಿದ್ದೇನೆ. ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಹೊಸ ಆಟದ ಬಗ್ಗೆ ವಿಚಾರಿಸಿದೆ. ‘ನಾರ್ತ್‌ಮಾರ್ಕ್’ ಅಂತ ಒಂದಿದೆ. ಬರೀ ಹೊಡೆದಾಟ, ಬಹಳ ಒರಟು ಜನ. ‘ಹನಿಡೇಲ್’ ಅಂತ ಇನ್ನೊಂದಿದೆ. ಅದರಲ್ಲಿ ಹೂದೋಟ ಮಾಡಬಹುದು, ಮೊಲ ಸಾಕಬಹುದು, ಮನೆ ಕಟ್ಟಬಹುದು. ತಮಗೆ ಅದು ಅನುಕೂಲವಾದೀತು ಎಂದು ನನ್ನ ಭಾವನೆ.

ಇನ್ನೊಂದು ವಿನಂತಿ. ಪತ್ರ ಬರೆಯುವುದಾದರೆ ಕವರಿನ ಮೇಲೆ ತಮ್ಮ ಸಹೋದರ ಯಶಸ್ ಅವರ ಹೆಸರು ಹಾಕಿದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಸಿ. ಅಭಿಷೇಕ್


ಹೊಳೆನರಸೀಪುರ
21-8-2006

ಸಿ. ಅಭಿಷೇಕ್ ಅವರೇ,

ಅಯ್ಯೋ ರಾಮ! ಇದೇನು ಕಾಗದವೋ ತಾಲ್ಲೂಕು ಕಚೇರಿಯ ನೋಟೀಸೋ? ‘ಅನಾನುಕೂಲಗಳಿದ್ದವು’ ಅಂತೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಲು ನಿನಗೆ ಯಾರು ಕಲಿಸಿದರು?

ನೀನು ಹೇಳಿದೆ ಅಂತ ಹನಿಡೇಲ್‌ಗೂ ಹೋಗಿಬಂದೆ. ಒಂದು ಮೊಲ ಕೊಟ್ಟರು. ಅದಕ್ಕೆ ಸೊಪ್ಪು ಹಾಕಿದರೆ ಹೃದಯದ ಚಿತ್ರ ಬರುತ್ತದೆ. ಮತ್ತೆ ಹಾಕಿದರೆ ಮತ್ತೆ ಹೃದಯ. ಪಕ್ಕದ ತೋಟದವನು ಬಂದು ನನ್ನ ಮೊಲಕ್ಕೂ ಅವನ ಮೊಲಕ್ಕೂ ಮದುವೆ ಮಾಡೋಣ ಅಂದ. ಎದ್ದು ಬಂದೆ. ಕೆಂಪಣ್ಣ ಪರದೆ ನೋಡಿ, ‘ಯಾಕ್ ಮೇಡಂ, ಇವತ್ತು ಯಾರನ್ನೂ ಸಾಯಿಸ್ಲಿಲ್ವಾ?’ ಅಂತ ಕೇಳಿದ.

ಆಮೇಲೆ ನಾರ್ತ್‌ಮಾರ್ಕ್‌ಗೆ ಹೋದೆ. ನೋಡುವುದಕ್ಕೆ ಬಂದ ಅತಿಥಿ ಅಂತ, ಹೆಸರು ಕೊಡದೆ. ಅಲ್ಲೊಂದು ಮುರಿದ ಸೇತುವೆ ಇದೆ. ಮಂಜಿನಲ್ಲಿ ಆ ಕಡೆಯಿಂದ ಯಾವ್ಯಾವುದೋ ಪ್ರಾಣಿಗಳು ನುಗ್ಗಿಬರುತ್ತವೆ. ಗುರಾಣಿ ಹಿಡಿದು ನಿಂತೆ. ಎದುರಿಗೆ ಬಂದದ್ದನ್ನೆಲ್ಲ ತಡೆದೆ, ಆದರೆ ಹಿಂದಿನಿಂದ ಬಾಣ ಬಿಡುವವರು ಇರಲಿಲ್ಲ, ಸತ್ತೆ. ಮತ್ತೆ ಹೋದೆ, ಮತ್ತೆ ಸತ್ತೆ. ಅಷ್ಟು ಸಂತೋಷದಿಂದ ಸತ್ತು ಬಹಳ ದಿನವಾಗಿತ್ತು. ನನ್ನ ಆಟ ಅದೇ. ಒರಟು ಜನರಂತೆ! ನಾನೇನು ಬೆಣ್ಣೆಯೇ?

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ನೀನು ತಾವು ಅಂದೆ, ಮೇಡಂ ಅಂದೆ, ಬಹುವಚನದಲ್ಲಿ ನನ್ನನ್ನು ಮಣೆ ಹಾಕಿ ಕೂರಿಸಿದೆ. ದೇವರಾಜು ಒಂದು ಹೆಜ್ಜೆ ಹಿಂದೆ ಹೋಗು ಅಂದ, ನೀನು ಮರ್ಯಾದೆ ಕೊಟ್ಟು ನಡುಮನೆಗೇ ಕಳಿಸಿದೆ. ನಮ್ಮ ಮನೆಯಲ್ಲಿ ನನ್ನನ್ನು ‘ಕಣೇ’ ಅನ್ನುತ್ತಾರೆ, ಶಾಲೆಯಲ್ಲಿ ‘ಮಿಸ್’ ಅನ್ನುತ್ತಾರೆ. ‘ಕಣ್ಲಾ’ ಅಂತ ನನ್ನನ್ನು ಕರೆದವನು ಈ ಪ್ರಪಂಚದಲ್ಲಿ ನೀನೊಬ್ಬನೇ. ಅದು ಯಶಸ್‌ಗೆ ಕೊಟ್ಟದ್ದಲ್ಲ, ಕೆಂಪು ಬಾಗಿಲಲ್ಲಿ ನಿಂತವರಿಗೆ ಕೊಟ್ಟದ್ದು. ನಿಂತವಳು ನಾನು. ಆ ‘ಲಾ’ ನನ್ನದು. ವಾಪಸ್ ಕೊಡು.

ಕವರಿನ ಮೇಲೆ ತಮ್ಮನ ಹೆಸರು ಹಾಕುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ನನ್ನ ಹೆಸರೇ ಹಾಕಿದ್ದೇನೆ, ದಪ್ಪ ಅಕ್ಷರದಲ್ಲಿ. ನೋಡಿಕೋ.

ಗೌತಮಿ


ಶಾಂತಿಗ್ರಾಮ
10-9-2006

ಗೌತಮಿ,

ನೋಡಿಕೊಂಡೆ. ನಾನೊಬ್ಬನೇ ಅಲ್ಲ, ಊರೇ ನೋಡಿಕೊಂಡಿತು.

ಸರಿ, ಅನಾನುಕೂಲ ಏನು ಅಂತ ಬಿಡಿಸಿ ಹೇಳುತ್ತೇನೆ. ಜೂನ್‌ನಲ್ಲಿ ನಿನ್ನ ಮೊದಲ ಕಾಗದ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಅಂಚೆಯವನು ಕವರಿನ ಹಿಂದೆ ಓದಿ, ‘ಹೊಳೆನರಸೀಪುರ, ದೇವಸ್ಥಾನದ ಬೀದಿ, ಗೌತಮಿ’ ಅಂತ ಜಗಲಿ ಮೇಲೆ ಸಾರಿಹೋದ. ಸಂಜೆ ಹೊತ್ತಿಗೆ ದುದ್ದದಲ್ಲಿರುವ ಲಕ್ಕಮ್ಮತ್ತೆಗೂ ಮುಟ್ಟಿತು. ಡೇರಿಗೆ ಹಾಲು ಹಾಕಲು ಹೋದರೆ ಅಲ್ಲೂ ಅದೇ ಮಾತು, ಚನ್ನಪ್ಪನ ಮಗ ಐನೋರ ಹುಡುಗಿಗೆ ಕಾಗದ ಬರೀತಾನಂತೆ ಅಂತ. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಚನ್ನರಾಯಪಟ್ಟಣದ ಸೈಬರ್‌ಗೆ ಹೋಗುವುದು ಬಂದ್. ಆಟ ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಮೇಡಂ, ಮೊಲ, ಕವರಿನ ಮೇಲೆ ಯಶಸ್ ಹೆಸರು, ಎಲ್ಲ. ನಿನ್ನ ಹಿಂದೆ ನಿಲ್ಲಲು ನಾಚಿಕೆ ಅಂತಲ್ಲ. ಹೆದರಿದ್ದೆ, ಅಷ್ಟೇ.

ಈ ಸಲದ ನಿನ್ನ ದಪ್ಪ ಅಕ್ಷರ ಬಂದಾಗ ಅಜ್ಜಿ ದೊಡ್ಡತಾಯಮ್ಮ ಕವರನ್ನು ಸೆರಗಿಗೆ ಕಟ್ಟಿಕೊಂಡು ಕೂತಿತ್ತು. ‘ಓದ್ಲಾ ನೋಡನ, ನಿಮ್ಮಪ್ಪನ ಮುಂದೇಯ’ ಅಂತು. ಬೇರೆ ದಾರಿ ಇರಲಿಲ್ಲ, ಹಳೆಯದರಿಂದ ಹಿಡಿದು ಎಲ್ಲ ಓದಿದೆ. ಮೊಲದ ಮದುವೆಗೆ ಅಪ್ಪ ಆ ಕಡೆ ತಿರುಗಿಕೊಂಡು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ.

‘ಅಲ್ಲ ಕಣ್ಲಾ, ಆ ಮಗ ಅಷ್ಟು ದಿನ ಕ್ವಾಟೆ ಕಾದೈತೆ. ಎಣ್ಣು ಅಂತ ಗೊತ್ತಾದ ತಕ್ಷಣ ಇಂದ್ಕೋಗು ಅಂದ್ರೆ ಯಾರಿಗ್ ತಾನೆ ಉರಿಯಾಕಿಲ್ಲ? ನಾನಾಗಿದ್ರೆ ಆ ದೇವರಾಜುಂಗೆ ಪೊರಕೆ ತಕ್ಕಂಡು ಬಾರಿಸ್ತಿದ್ದೆ. ನೀನ್ಯಾಕ್ಲಾ ಬಾಯಿಗೆ ಬೀಗ ಹಾಕ್ಕಂಡು ಕುಂತಿದ್ದೆ?’

ಮರುದಿನ ಅಪ್ಪನೇ ಬಸ್ಸಿಗೆ ಹತ್ತಿಸಿ, ‘ಓಗ್ಬಾ, ಏನೋ ಆಟವಂತೆ’ ಅಂದರು. ಮನೆ ಮಟ್ಟಿಗೆ ಬಿಸಿ ಆರಿತು.

ಈಗ ಒಳ್ಳೆಯ ಸುದ್ದಿ. ಸೈಬರ್‌ಗೆ ಹೋದರೆ ದೇವರಾಜುವಿನ ಮೆಸೇಜು ಕಾದಿತ್ತು. ನೀನು ಹೋದ ಮೇಲೆ ತಂಡ ಮಣ್ಣು ಮುಕ್ಕಿದೆ, ಕೆಂಪು ಬಾಗಿಲೂ ಹೋಯಿತು. ನೀನು ವಾಪಸ್ ಬರಬೇಕಂತೆ. ಮುಂದೆಯೇ ನಿಲ್ಲಬಹುದಂತೆ, ಹಳೆಯ ಗುರಾಣಿ ಹಾಗೇ ಇಟ್ಟಿದ್ದಾನಂತೆ. ಒಂದೇ ಒಂದು ಮಾತು, ಹೆಸರು ಮೊದಲಿನ ಹಾಗೆ ಯಶಸ್ ಅಂತಲೇ ಇರಲಿ, ಹೊರಗಿನವರಿಗೆ ಗೊತ್ತಾಗುವುದು ಬೇಡ ಅಂದ. ನಿನ್ನ ಜಾಗ ನಿನಗೆ ಸಿಕ್ಕಿತಲ್ಲ! ಹೆಸರೊಂದು ತಾನೆ? ಹ್ಞೂಂ ಅಂದುಬಿಡು. ಹೊಸ ಆಟದಲ್ಲಿ ಬರಿಗೈಯಲ್ಲಿ, ಸೊನ್ನೆಯಿಂದ ಯಾರು ಶುರು ಮಾಡುತ್ತಾರೆ?

‘ಲಾ’ ವಿಷಯ. ಬರೆಯಲು ಕೂತೆ, ಕೈ ಬರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ‘ಲಾ’ ಅಂದರೆ ಗಂಡುಬೀರಿ ಅಂತ ಬೈದ ಹಾಗೆ. ‘ಕಣಮ್ಮಿ’ ಅನ್ನಲೇ? ನಾನು ನಿನಗಿಂತ ಚಿಕ್ಕವನೇ ಇರಬೇಕು. ‘ಅಕ್ಕ’ ಅನ್ನಲೇ?

ಅಭಿಷೇಕ್


ಹೊಳೆನರಸೀಪುರ
18-9-2006

ಅಭಿಷೇಕ್,

ಅಮ್ಮಿಯೂ ಬೇಡ, ಅಕ್ಕನೂ ಬೇಡ. ಅಕ್ಕ ಅನ್ನಲು ಮನೆಯಲ್ಲಿ ಒಬ್ಬನಿದ್ದಾನೆ, ಅವನು ಮಾಡಿದ್ದೇ ಸಾಕು.

ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮೌನವನ್ನು ನಾನು ಬೇರೆ ರೀತಿ ತಿಳಿದಿದ್ದೆ. ಅಲ್ಲಿ ಅಷ್ಟೆಲ್ಲ ಆಗಿದೆ ಅಂತ ನನಗೇನು ಗೊತ್ತು? ಹೇಳಬಾರದಿತ್ತೇ ಮಾರಾಯ! ನನ್ನಿಂದ ನಿನಗೆ ಕಷ್ಟವಾಯಿತು, ಕ್ಷಮಿಸು. ಆದರೂ ಕವರಿನ ಮೇಲೆ ನನ್ನ ಹೆಸರು ಹಾಕಿದ್ದಕ್ಕೆ ಬೇಸರವಿಲ್ಲ.

ದೇವರಾಜುವಿಗೆ ನನ್ನ ಉತ್ತರ: ಆಗುವುದಿಲ್ಲ. ಆ ಗುರಾಣಿಗಾಗಿ ಎಷ್ಟು ಸಂಜೆ ಕಳೆದಿದ್ದೇನೆ ಅಂತ ನಿನಗೆ ಗೊತ್ತು. ನಿನ್ನ ಕಾಗದ ಓದಿದಾಗ ಕೈ ತುರಿಸಿದ್ದೂ ನಿಜ. ಕೆಂಪು ಬಾಗಿಲು ಹೋಯಿತು ಅಂತ ಓದಿ ಅಳುವೇ ಬಂತು. ಹೆಸರೊಂದು ತಾನೆ ಅಂದೆಯಲ್ಲ, ನಿನ್ನದನ್ನು ಬಿಟ್ಟುಕೊಡು ನೋಡೋಣ. ನಾಳೆಯಿಂದ ನೀನು ಹೊಡೆದ ಗುರಿಯೆಲ್ಲ ಲಕ್ಕಮ್ಮತ್ತೆಯ ಮಗ ಹೊಡೆದದ್ದು ಅಂತ ಬರೆಸು, ಆಮೇಲೆ ನನಗೆ ಬುದ್ಧಿ ಹೇಳು. ಅವರಿಗೆ ನನ್ನ ತೋಳು ಬೇಕು, ನಾನು ಬೇಡ. ಬರಿಗೈಯಲ್ಲಿ ಸೊನ್ನೆಯಿಂದ ಶುರು ಮಾಡುತ್ತೇನೆ. ಸೊನ್ನೆ ಅಂದರೆ ಏನು ಅಂತ ಗಣಿತದ ಮಿಸ್‌ಗೆ ಹೇಳಿಕೊಡಬೇಡ.

ನಾರ್ತ್‌ಮಾರ್ಕ್ ಅಂತ ತೀರ್ಮಾನ ಮಾಡಿದ್ದೇನೆ. ಹೊಸದನ್ನು ಹಿಡಿಯಲು ವಿಜಯದಶಮಿಗಿಂತ ಒಳ್ಳೆಯ ದಿನವಿಲ್ಲ. ಅಂದು ಬೆಳಗ್ಗೆ ಹನ್ನೊಂದಕ್ಕೆ ಮುರಿದ ಸೇತುವೆಯ ಈಚೆ ತುದಿಯಲ್ಲಿ ನಿಂತಿರುತ್ತೇನೆ. ನೀನು ಬಂದರೆ ಇಬ್ಬರು. ಬರದಿದ್ದರೆ ಒಬ್ಬಳೇ ನಿಂತು, ಸತ್ತು, ಎದ್ದು, ಮತ್ತೆ ನಿಲ್ಲುತ್ತೇನೆ.

‘ಲಾ’ ಅನ್ನಲು ಕೈ ಬಾರದಿದ್ದರೆ ಬರಲೂ ಬೇಡ. ಬೈಗುಳ ಅಂತೀಯ. ಬೈಗುಳವೋ ಬಿರುದೋ ನಾನು ತೀರ್ಮಾನಿಸುತ್ತೇನೆ.

ಗೌತಮಿ


ಶಾಂತಿಗ್ರಾಮ
25-9-2006
(ಅಂಚೆ ಕಾರ್ಡು)

ಬತ್ತೀನಿ ಕಣ್ಲಾ ಗೌತಮಿ!

ದೇವರಾಜುಗೆ ‘ಆಗಾಕಿಲ್ಲ ಓಗು’ ಅಂತ ಹೇಳ್ಬುಟ್ಟೆ. ನೀನು ಮುಂದೆ ನಿಂತ್ಕೋ. ಹಿಂದೆ ತಿರುಗಿ ನೋಡಬೇಡ, ನಾನಿರ್ತೀನಿ. ಕವರಿನಲ್ಲಿ ಹಾಕಿದರೆ ಕದ್ದುಮುಚ್ಚಿ ಬರೆದ ಹಾಗಾಗುತ್ತೆ ಅಂತ ಕಾರ್ಡೇ ಬರೆದಿದ್ದೇನೆ. ಓದುವವರೆಲ್ಲ ಓದಲಿ.

ಅಭಿಷೇಕ್, ಚನ್ನಪ್ಪನವರ ಮಗ


ಹೊಳೆನರಸೀಪುರ
3-10-2006

ಲೋ ಅಭಿಷೇಕ,

ಓದುವವರೆಲ್ಲ ಓದಿದರು. ನಿನ್ನ ಕಾರ್ಡು ನನ್ನ ಕೈಗೆ ಬರುವಷ್ಟರಲ್ಲಿ ದೇವಸ್ಥಾನದ ಬೀದಿಗೆ ಬಾಯಿಪಾಠವಾಗಿತ್ತು. ನಮ್ಮಪ್ಪ ಸಂಪತ್ಕುಮಾರ ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕಾರ್ಡನ್ನು ಊಟದ ಮಣೆಯ ಪಕ್ಕ ಇಟ್ಟರು.

‘ಯಾರೇ ಇವನು, ನಿನ್ನನ್ನ ಲಾ ಅನ್ನೋನು? ಹೆಣ್ಣುಮಕ್ಕಳನ್ನ ಮಾತಾಡಿಸೋ ರೀತಿಯೇ ಇದು?’

‘ನಾನೇ ಕೇಳಿ ಪಡಕೊಂಡಿದ್ದು ಅಪ್ಪ.’

‘ಕೇಳಿ ಪಡೆಯೋಕೆ ಅದೇನು ಪ್ರಶಸ್ತಿನಾ?’

‘ಹೌದು’ ಅಂದೆ. ಎರಡು ವರ್ಷದ ಕಥೆಯನ್ನೂ ಹೇಳಿದೆ. ತಮ್ಮ ತಲೆ ತಗ್ಗಿಸಿಕೊಂಡು ಹುಳಿ ಅನ್ನ ಕಲಸುತ್ತಲೇ ಇದ್ದ. ಕೊನೆಗೆ ಅಜ್ಜಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇರಲಿ ಬಿಡೋ ಸಂಪತ್ತೂ. ಮುಚ್ಚಿದ ಕವರಲ್ಲಿ ಬರೆದಿದ್ರೆ ಹೆದರಬೇಕಿತ್ತು. ಈ ಹುಡುಗ ಕಾರ್ಡಿನಲ್ಲಿ ಬರೆದಿದಾನೆ, ಅಪ್ಪನ ಹೆಸರೂ ಹಾಕಿದಾನೆ’ ಅಂದರು. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ‘ವ್ಯಾಕರಣ ತಪ್ಪು’ ಅಂತ ಗೊಣಗುತ್ತಾ ಓಡಾಡುತ್ತಿದ್ದಾರೆ.

ಈಗ ಮುಖ್ಯವಾದ ಮಾತು. ನಿನ್ನೆ ಸೇತುವೆಗೆ ಬಂದವನೇ ‘ಇದ್ಯಾವ ಹೆಸ್ರು?’ ಅಂತ ಕೇಳಿದೆಯಲ್ಲ, ಅಷ್ಟರಲ್ಲಿ ಮಂಜಿನಿಂದ ನುಗ್ಗಿದವು, ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಈ ಕಾಗದ.

ಕೆಂಪಣ್ಣನ ಸೈಬರ್‌ನಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಮಾನಿಟರ್ ಮೇಲೆ ಹಸಿಯಾಗಿತ್ತು. ‘ಪೂಜೆ ಆದ ಮಿಷನ್ನು ಮೇಡಂ, ಮೊದಲ ಕೆಲಸ ಒಳ್ಳೇದಾಗಿರಲಿ’ ಅಂದ ಕೆಂಪಣ್ಣ. ಕಣ್ಣಿಗೊತ್ತಿಕೊಂಡು, ಹೆಸರಿನ ಜಾಗದಲ್ಲಿ ಗೌತಮಿ ಅಂತ ಹೊಡೆದೆ. ಆ ಹೆಸರು ಆಗಲೇ ಇದೆ, ಬೇರೆ ಕೊಡಿ ಅಂತು! ಎರಡು ವರ್ಷ ನಾನು ಬಚ್ಚಿಟ್ಟ ಹೆಸರನ್ನು ಯಾವಳೋ ಇಟ್ಟುಕೊಂಡು ರಾಜಾರೋಷವಾಗಿ ಓಡಾಡುತ್ತಿದ್ದಾಳೆ. ಮೊದಲು ಮೈ ಉರಿಯಿತು. ಆಮೇಲೆ, ಭಲೇ ಹುಡುಗಿ, ನೀನೂ ಇದ್ದೀಯಾ ಅಂತ ನಗು ಬಂತು. ಹೆಸರಿನ ಮುಂದೆ ಅಂಕಿ ಸೇರಿಸಿ ಅಂತ ಆಟವೇ ಸಲಹೆ ಕೊಟ್ಟಿತು. ನಾನೇನು ಬಸ್ಸೇ, ನಂಬರು ಹಾಕಿಕೊಂಡು ತಿರುಗಲು?

ಆಗ ನಿನ್ನ ಕಾರ್ಡು ನೆನಪಾಯಿತು. ಗೌತಮಿಯ ಪಕ್ಕ ಇನ್ನೊಂದು ಅಕ್ಷರ ಸೇರಿಸಿದೆ. ತಗೊಂಡಿತು.

ಈಗ ಬಿಡಿಸಿ ಓದು: ಗೌತಮಿ, ಲಾ.

ನಿನ್ನೆ ನಮ್ಮ ಜೊತೆ ಸೇತುವೆ ಕಾಯಲು ಸೇರಿಕೊಂಡರಲ್ಲ, ಒಬ್ಬ ಪುಣೆಯವನು, ಒಬ್ಬ ಮಲೇಷ್ಯಾದವನು, ಎಲ್ಲಿಯವಳೋ ತಿಳಿಯದ ಇನ್ನೊಬ್ಬಳು, ಅವರೆಲ್ಲ ನನ್ನನ್ನು ಇಂಗ್ಲಿಷಿನಲ್ಲಿ ಏನಂತ ಕೂಗಿದರು ನೆನಪಿದೆಯೇ? ‘ಗೌತಮಿಲಾ, ಮುಂದೆ ಬಾ! ಗೌತಮಿಲಾ, ತಡೆ!’ ಯಾವುದೋ ರಾಣಿಯ ಹೆಸರು ಅಂದುಕೊಂಡಿರಬೇಕು, ಪಾಪ. ಅರ್ಥ ಗೊತ್ತಿರುವುದು ನಿನಗೆ, ನನಗೆ, ನಮ್ಮ ಎರಡೂ ಮನೆಯವರಿಗೆ.

ತಮ್ಮ ಇನ್ನೊಂದು ಸುದ್ದಿ ತಂದಿದ್ದಾನೆ. ದೇವರಾಜುವೂ ಐರನ್ ವ್ಯಾಲಿ ಬಿಟ್ಟು ನಾರ್ತ್‌ಮಾರ್ಕ್‌ಗೆ ಬರುತ್ತಾನಂತೆ. ಬರಲಿ. ಸೇತುವೆ ದಾಟಬೇಕಾದರೆ ಮುಂದೆ ನಿಂತವಳನ್ನು ಹೆಸರು ಹಿಡಿದೇ ಕೂಗಬೇಕು.

ಗೌತಮಿಲಾ